ಪರೀಕ್ಷೆಗೆಂದು ತೆರೆದ ತಾಣ

ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಎಲ್ಲರ ಬಾಯಲ್ಲೂ ಅವನು ಸೊನ್ನೆಯಣ್ಣ. ತಕ್ಕಡಿ ರಿಪೇರಿ ಅವನ ಕಸುಬು. ಯಾರಾದರೂ ತೂಕದ ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, "ಇದು ನಮ್ಮನ್ನ ಮುಳುಗಿಸ್ತಿದೆ ಕಣಣ್ಣಾ" ಎಂದು ದೂರು ಶುರುಮಾಡಿದರೆ ಅವನು ಕೈಯೆತ್ತಿ ತಡೆಯುತ್ತಿದ್ದ. "ಇರಿ, ಮೊದಲು ಸೊನ್ನೆ ನೋಡೋಣ."

ಅವನ ಕ್ರಮ ಎಂದೂ ಬದಲಾದದ್ದಿಲ್ಲ. ಖಾಲಿ ಯಂತ್ರ ಸೊನ್ನೆ ತೋರಿಸುತ್ತದೆಯೇ ಎಂದು ಮೊದಲು ನೋಡಬೇಕು. ಆಮೇಲೆ ಒಂದು ಖಾತ್ರಿಯಾದ ತೂಕದ ಬಟ್ಟನ್ನು ತಟ್ಟೆಯ ನಡುವೆ ಇಡಬೇಕು. ಅದೇ ಬಟ್ಟನ್ನು ನಾಲ್ಕು ಮೂಲೆಗಳಿಗೂ ಸರಿಸಿ, ಎಲ್ಲೆಡೆಯೂ ಒಂದೇ ಅಂಕಿ ಬರುತ್ತದೆಯೇ ನೋಡಬೇಕು. ಕೊನೆಗೆ ಬಟ್ಟನ್ನು ಎತ್ತಿ, ಯಂತ್ರ ಮರಳಿ ಸೊನ್ನೆಗೆ ಬಂದು ನಿಲ್ಲುತ್ತದೆಯೇ ಎಂದು ಕಾಯಬೇಕು. ಈ ಕೊನೆಯ ಪರೀಕ್ಷೆಯನ್ನು ಬಹಳ ಮಂದಿ ರಿಪೇರಿಯವರು ಮಾಡುವುದಿಲ್ಲ. ಸೊನ್ನೆಯಣ್ಣ ಮಾತ್ರ ಅದನ್ನು ಮುಗಿಸದೆ ಯಂತ್ರವನ್ನು ಅಂಗಡಿಯಿಂದ ಆಚೆ ಬಿಡುತ್ತಿರಲಿಲ್ಲ. ಇಳಿಸಿದ ಭಾರವನ್ನು ಇಳಿಸಿದೆ ಎಂದು ಒಪ್ಪಿಕೊಳ್ಳದ ಯಂತ್ರವನ್ನು ನಂಬುವುದು ಹೇಗೆ ಎಂಬುದು ಅವನ ಪ್ರಶ್ನೆ.

"ಮದುವೆಗೆ ಮುಂಚೆ ಇವನ ಹೆಂಡತೀನ ನಾಲ್ಕೂ ಮೂಲೇಲಿ ಕೂರಿಸಿ ನೋಡಿದ್ನೋ ಏನೋ" ಎಂದು ಅವನ ಅಕ್ಕ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಅವಳ ಬಾಯಿ ಚೆನ್ನಾಗಿದ್ದ ಕಾಲದ ಮಾತು ಅದು.

ಅಕ್ಕ ಡ್ರೈವಿಂಗ್ ಶಾಲೆ ನಡೆಸುತ್ತಿದ್ದವಳು. ಶಾಲೆಯೆಂದರೆ ಒಂದು ಹಳೆಯ ಕಾರು, ಒಂದು ಬೋರ್ಡು ಮತ್ತು ಅವಳ ಗಂಟಲು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದರ ಮೇಲೆ ಪಾದವನ್ನು ಗಾಳಿಯಲ್ಲಿ ತೇಲಿಸಿಕೊಂಡು ಅವಳು ಅರ್ಧ ಆಯುಷ್ಯ ಕಳೆದಿದ್ದಳು. ಕಾರು ಕಣ್ಣಿಗೆ ಬೀಳುವ ಮೊದಲೇ ಅವಳ ದನಿ ತಿರುವು ದಾಟಿ ಬರುತ್ತಿತ್ತು. "ಅದು ಸ್ಟೀರಿಂಗು ಸ್ವಾಮೀ, ನಿಮ್ಮ ಅತ್ತೆ ಕತ್ತಲ್ಲ! ಅಷ್ಟೊಂದು ಬಿಗಿಯಾಗಿ ಯಾಕೆ ಹಿಡ್ಕೊಂಡಿದ್ದೀರಿ?" ಬೈಸಿಕೊಂಡವರು ಯಾರೂ ಶಾಲೆ ಬಿಟ್ಟು ಹೋಗಲಿಲ್ಲ. ತಮ್ಮ ಮಕ್ಕಳನ್ನೂ ಅವಳ ಬಳಿಗೇ ತಂದು ಬಿಟ್ಟರು.

ಕಾಯಿಲೆ ಮೊದಲು ಹಿಡಿದದ್ದು ಆ ನಾಲಿಗೆಯನ್ನೇ. ಮಾತು ತೊದಲತೊಡಗಿತು. ಅಂಗಡಿಯವನೊಬ್ಬ ಅವಳು ಕುಡಿದು ಬಂದಿದ್ದಾಳೆಂದು ತಿಳಿದು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹಿಂದೆ ಸರಿದ. ಆಮೇಲೆ ಎಡಗೈ ಸೋತಿತು. ವೈದ್ಯರು ಉದ್ದದ ಹೆಸರೊಂದನ್ನು ಹೇಳಿ, ಅದರ ಅರ್ಥವನ್ನು ಸರಳವಾಗಿ ಬಿಡಿಸಿದರು: ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತಿವೆ. ತಡೆಯುವ ಔಷಧಿ ಇಲ್ಲ. ಬುದ್ಧಿ ಮಾತ್ರ ಕೊನೆಯವರೆಗೂ ಹೀಗೆಯೇ ಇರುತ್ತದೆ. ಬಲಗೈ ಸದ್ಯಕ್ಕೆ ಪರವಾಗಿಲ್ಲ. ಎಷ್ಟು ದಿನ ಎಂದು ಹೇಳಲಾಗದು.

ಸೊನ್ನೆಯಣ್ಣ ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ತನ್ನ ಎರಡು ಕೈಗಳನ್ನೇ ನೋಡಿಕೊಂಡಿದ್ದ. ಸ್ಕ್ರೂ ಬಿಚ್ಚಿ ಒಳಗೆ ನೋಡಬಹುದಾದ ವಸ್ತುಗಳ ಲೋಕದಲ್ಲಿ ಬೆಳೆದ ಮನುಷ್ಯ ಅವನು. ಇಲ್ಲಿ ಬಿಚ್ಚಲು ಏನೂ ಇರಲಿಲ್ಲ.

ಅಕ್ಕನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕಾರು ಮಾರಿ, ಬೋರ್ಡು ಇಳಿಸಿ, ತಮ್ಮನ ಮನೆಯ ಮುಂದಿನ ಕೋಣೆಗೆ ಬಂದಳು. ಕಿಟಕಿಯ ಪಕ್ಕದ ಕುರ್ಚಿ, ತೊಡೆಯ ಮೇಲೊಂದು ದಿಂಬು, ದಿಂಬಿನ ಮೇಲೊಂದು ಟ್ಯಾಬ್ಲೆಟ್ಟು. ಬಲಗೈಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಮಾತಾಡುತ್ತಿದ್ದಳು. ಒತ್ತಿ ಮುಗಿಸಿ ಗುಂಡಿಯೊಂದನ್ನು ಮುಟ್ಟಿದರೆ ಯಂತ್ರದ ಹೆಣ್ಣುದನಿ ಅದನ್ನು ಓದಿ ಹೇಳುತ್ತಿತ್ತು. ಆ ದನಿಗೆ ಬೈಯಲು ಬರುತ್ತಿರಲಿಲ್ಲ. ಎಂಥ ಬೈಗುಳವನ್ನೂ ಬ್ಯಾಂಕಿನ ಪ್ರಕಟಣೆಯಂತೆ ಓದುತ್ತಿತ್ತು. ಅಕ್ಕನಿಗೆ ಅದರ ಮೇಲೆ ಭಾರೀ ಸಿಟ್ಟು.

ಬಂದ ಕೆಲವೇ ದಿನಗಳಲ್ಲಿ ಅವಳು ತಮ್ಮನನ್ನು ಹತ್ತಿರ ಕರೆದು ತೋರಿಸಿದಳು: "ನಾನು ಬರೀಬೇಕು. ನನ್ನ ಹತ್ರ ಗಾಡಿ ಕಲಿತ ಹುಡುಗ್ರ ಬಗ್ಗೆ. ಅವರೆಲ್ಲ ಓದೋ ಹಾಗೆ. ಎಲ್ಲಾದ್ರೂ ಒಂದು ಜಾಗ ಮಾಡ್ಕೊಡು."

ಅವಳ 'ಹುಡುಗರ' ಪೈಕಿ ಮೊಮ್ಮಕ್ಕಳಿದ್ದ ಅಜ್ಜಿಯರೂ ಇದ್ದರು.

"ಮಾಡ್ಕೊಡ್ತೀನಿ ಅಕ್ಕ" ಎಂದ ಸೊನ್ನೆಯಣ್ಣ. ಎಷ್ಟೋ ವಾರಗಳ ನಂತರ ಎದೆ ಹಗುರವಾಗಿತ್ತು. ಕೊನೆಗೂ ತನ್ನ ಕೈಯಲ್ಲಿ ಆಗುವ ಕೆಲಸವೊಂದು ಸಿಕ್ಕಿತಲ್ಲ.

ಅಕ್ಕನ ಶಿಷ್ಯನೊಬ್ಬ ಎರಡು ಬೀದಿಯಾಚೆ ಪ್ರೆಸ್ ಇಟ್ಟುಕೊಂಡಿದ್ದ. ಲಗ್ನಪತ್ರಿಕೆ, ಬಿಲ್ ಪುಸ್ತಕ ಅಚ್ಚು ಹಾಕುವುದರ ಜೊತೆಗೆ ಈಗೀಗ ಜನರಿಗೆ ವೆಬ್‌ಸೈಟನ್ನೂ ಮಾಡಿಕೊಡುತ್ತಿದ್ದ. ಸೊನ್ನೆಯಣ್ಣ ಅವನ ಎದುರು ಕುಳಿತು ಕೇಳಿದ. ಪ್ರೆಸ್ಸಿನವನು ಮೂರು ಬ್ಲಾಗಿನ ವೇದಿಕೆಗಳನ್ನು ತೆರೆದು ತೋರಿಸಿದ. ಮೂರಕ್ಕೂ ಇಂಗ್ಲಿಷಿನ ತಿರುಚು ಹೆಸರುಗಳು. ಸೊನ್ನೆಯಣ್ಣ ತನ್ನ ನೆನಪಿಗೆ ಅನುಕೂಲವಾಗುವಂತೆ ಅವಕ್ಕೆ ಬೇರೆ ಹೆಸರಿಟ್ಟ.

ಮೊದಲನೆಯದು ತರಕಾರಿ ತಕ್ಕಡಿ. ಪುಕ್ಕಟೆ, ಒರಟು, ಯಾರು ಬೇಕಾದರೂ ಬಳಸಬಹುದು. ಬದಿಯಲ್ಲಿ ಜಾಹೀರಾತು ನೇತಾಡುತ್ತದೆ. ಎಷ್ಟು ಜನ ಬಂದು ನೋಡಿದರೆಂದು ಮೇಲ್ಗಡೆ ದಪ್ಪ ಅಂಕಿಯಲ್ಲಿ ತೋರಿಸುತ್ತದೆ. ಎರಡನೆಯದು ಚಿನ್ನದ ತಕ್ಕಡಿ. ಅಕ್ಷರಗಳು ಮುತ್ತಿನಂತೆ ಕಾಣುತ್ತವೆ, ಜಾಹೀರಾತಿಲ್ಲ, ಎಣಿಕೆಯ ಗೊಡವೆಯೂ ಇಲ್ಲ. ಆದರೆ ನಾಳೆ ಕಂಪನಿ ಬಾಗಿಲು ಹಾಕಿದರೆ ಬರೆದದ್ದನ್ನು ಹೊರಗೆ ತರುವುದು ಕಷ್ಟ. ಮೂರನೆಯದು ಲಾರಿ ತಕ್ಕಡಿ. ಎಲ್ಲವೂ ಸ್ವಂತದ್ದು, ಎಷ್ಟು ಭಾರವನ್ನೂ ತಡೆಯುತ್ತದೆ. ಆದರೆ ಗುಂಡಿ ತೋಡಿ ಕಾಂಕ್ರೀಟು ಹಾಕುವುದರಿಂದ ಹಿಡಿದು ದಿನಾ ಗುಡಿಸುವವರೆಗೆ ಎಲ್ಲ ನಮ್ಮದೇ ಕೆಲಸ.

"ಯಾವುದಾದ್ರೂ ಒಂದು ಹಿಡೀರಣ್ಣಾ" ಎಂದ ಪ್ರೆಸ್ಸಿನವನು. "ಮೇಡಂ ನಾಳೆನೇ ಬರೆಯೋಕೆ ಕೂರಬಹುದು."

"ನೋಡದೆ ಹೇಗೆ ಹಿಡಿಯೋದಪ್ಪಾ?"

"ನೋಡಿದ್ರಲ್ಲ ಈಗ!"

"ಇದು ನೋಡಿದ್ದಾ? ಇದು ಬೋರ್ಡು ಓದಿದ್ದು."

ಮೂರು ವೇದಿಕೆಗಳಲ್ಲೂ ಅವನು ಒಂದೊಂದು ತಾಣ ತೆರೆದ. ಪರೀಕ್ಷೆಯ ತಾಣಗಳು ಯಾರ ಕಣ್ಣಿಗೂ ಬೀಳಬಾರದೆಂದು, ಹುಡುಕುವವರಿಗೆ ಸಿಗದಂತೆ ಮಾಡುವ ಗುಂಡಿಯನ್ನೂ ಒತ್ತಿದ. ಇನ್ನು ಬಟ್ಟು ಬೇಕಲ್ಲ? ಮೂರರ ಮೇಲೂ ಒಂದೇ ಭಾರ ಇಡಬೇಕು. ತಕ್ಕಡಿಯೊಂದರ ಕೈಪಿಡಿಯಿಂದ ಒಂದು ಪುಟ ಆರಿಸಿಕೊಂಡ. 'ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ಇಡಿ. ಗಾಳಿ ಬೀಸುವ ಕಡೆ ಇಡಬೇಡಿ' ಎಂದು ಶುರುವಾಗುವ ಪುಟ. ಅದನ್ನೇ ಮೂರು ಕಡೆಯೂ ಏರಿಸಿದ. ಚಿತ್ರದೊಂದಿಗೆ ಒಮ್ಮೆ, ಚಿತ್ರವಿಲ್ಲದೆ ಒಮ್ಮೆ, ಉದ್ದ ಮಾಡಿ ಒಮ್ಮೆ, ತುಂಡು ಮಾಡಿ ಒಮ್ಮೆ.

ಆಮೇಲೆ ಮೂಲೆಗಳ ಪರೀಕ್ಷೆ. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಪುಟ ತೆರೆಯುತ್ತದೆಯೇ? ಹೆಂಡತಿಯ ಮೊಬೈಲಿನಲ್ಲಿ? ಅಕ್ಕನ ಟ್ಯಾಬ್ಲೆಟ್ಟಿನಲ್ಲಿ? ರಿಪೇರಿಗೆ ಮಾರುಕಟ್ಟೆ ಸುತ್ತುವಾಗ ದಿನಸಿ ಅಂಗಡಿಯವನಿಂದ ಹಿಡಿದು ಮೀನಿನಂಗಡಿಯವಳವರೆಗೆ ಎಲ್ಲರ ಬಳಿಯೂ, "ಒಂದ್ನಿಮಿಷ ಮೊಬೈಲ್ ಕೊಡಿ" ಎಂದು ಕೈಯೊಡ್ಡುತ್ತಿದ್ದ. ಒಂದು ದಿನ ಸರಿಯಾಗಿ ತೋರಿಸುವುದು ದೊಡ್ಡದಲ್ಲ, ದಿನಾ ತೋರಿಸಬೇಕು. ಹೀಗಾಗಿ ದಿನಾ ತೆರೆದು ನೋಡುತ್ತಿದ್ದ. ಅಕ್ಷರ ಒಡೆದಿಲ್ಲ, ಸಾಲು ಮುರಿದಿಲ್ಲ ಎಂದು ಖಾತ್ರಿಯಾದರೆ ಮುಚ್ಚಿ ಮೊಬೈಲನ್ನು ವಾಪಸು ಕೊಡುತ್ತಿದ್ದ.

"ಏನಣ್ಣಾ, ಹದಿನೈದು ದಿನದಿಂದ ಗಾಳಿ ಬೀಸೋ ಕಡೆ ಇಡಬೇಡಿ, ಇಡಬೇಡಿ ಅಂತಾನೇ ಓದ್ತಿದ್ದೀರಿ" ಎಂದು ದಿನಸಿಯವನು ರೇಗಿಸಿದ. "ನಾನೇನೋ ಕಳ್ಳಪ್ರೇಮ ಅಂದ್ಕೊಂಡಿದ್ದೆ."

ಮನೆಗೆ ಬಂದರೆ ಅಕ್ಕನದು ಒಂದೇ ಪ್ರಶ್ನೆ. "ಆಯ್ತಾ?"

"ಇನ್ನೊಂದು ವಾರ ಅಕ್ಕ."

"ಹೋದ ವಾರನೂ ಇದೇ ಹೇಳಿದೆ."

"ಚಿನ್ನದ್ದರಲ್ಲಿ ಒತ್ತಕ್ಷರ ಒಂದೊಂದ್ಸಲ ಹಾರ್ತಿದೆ. ಯಾಕೆ ಅಂತ ನೋಡ್ಬೇಕು."

ಅವಳ ಬೆರಳು ಅಕ್ಷರದಿಂದ ಅಕ್ಷರಕ್ಕೆ ನಿಧಾನವಾಗಿ ನಡೆಯಿತು. ಯಂತ್ರದ ದನಿ ತಣ್ಣಗೆ ಓದಿತು: "ನೀನೇನಾದ್ರೂ ನನ್ನ ಹತ್ರ ಗಾಡಿ ಕಲಿಯೋಕೆ ಬಂದಿದ್ರೆ ಇವತ್ತಿಗೂ ಕನ್ನಡಿ ಸರಿ ಮಾಡ್ತಾ ಕೂತಿರ್ತಿದ್ದೆ."

ಅಡುಗೆಮನೆಯಲ್ಲಿ ಅವನ ಹೆಂಡತಿ ನಕ್ಕದ್ದು ಕೇಳಿಸಿತು. ಅವನಿಗೂ ನಗು ಬಂತು. ಆದರೆ ಅಕ್ಕನ ಬೆರಳು ಮೊದಲಿಗಿಂತ ತಡವಾಗಿ ಮೇಲೇಳುತ್ತಿರುವುದನ್ನು ಅವನು ಗಮನಿಸಿದ್ದ. ಗಮನಿಸಿದ್ದರಿಂದಲೇ ಇನ್ನಷ್ಟು ಎಚ್ಚರ ಹೆಚ್ಚಿಸಿಕೊಂಡ. ಇಷ್ಟು ಕಷ್ಟಪಟ್ಟು ಒತ್ತುವ ಅಕ್ಷರಗಳು ನಾಳೆ ಕಳೆದುಹೋಗುವಂಥ ಜಾಗಕ್ಕೆ ಹೋಗಬಾರದು. ತಪ್ಪು ಆಯ್ಕೆಯಾದರೆ ಎರಡನೆಯ ಸಲ ಬರೆಯಲು ಅವಳಿಂದ ಆಗುವುದಿಲ್ಲ. ಹಾಗೆಂದು ಅವನು ತನಗೆ ತಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಪರೀಕ್ಷೆಗಳ ಪಟ್ಟಿ ಬೆಳೆಯುತ್ತಿತ್ತು.

ಸ್ವಲ್ಪ ದಿನಗಳಲ್ಲಿ ಅಕ್ಕ ಕೇಳುವುದನ್ನೇ ನಿಲ್ಲಿಸಿದಳು. ಸದ್ಯ, ಅರ್ಥಮಾಡಿಕೊಂಡಳು ಎಂದು ಸೊನ್ನೆಯಣ್ಣ ನೆಮ್ಮದಿಪಟ್ಟ. ಒಂದು ಸಂಜೆ ಕಾಲು ತೊಳೆದು ಒಳಗೆ ಬರುವಾಗ ಹೆಂಡತಿ ಹೇಳಿದಳು, "ಅತ್ತಿಗೆ ಈಗ ಬೆಳಿಗ್ಗೆಯೆಲ್ಲ ಬರೀತಾನೇ ಇರ್ತಾರೆ ಕಣ್ರೀ. ಮುಖ ಎಷ್ಟು ಗೆಲುವಾಗಿದೆ ನೋಡಿದ್ರಾ?"

"ಬರೀಲಿ ಬಿಡು. ಬರೆದಿಟ್ಕೊಂಡಿದ್ರೆ ಆಮೇಲೆ ಒಟ್ಟಿಗೆ ಏರಿಸಬಹುದು."

"ಏರಿಸೋದು ಅಂದ್ರೆ?"

"ನಿಂಗೆ ಅದೆಲ್ಲ ತಲೆಬಿಸಿ ಬೇಡ" ಎಂದು ಅವನು ಟವೆಲಿಗೆ ಕೈ ಚಾಚಿದ.

ಮಾತು ಅಲ್ಲಿಗೇ ನಿಂತಿತು. ಅದು ಅಲ್ಲಿಗೆ ನಿಲ್ಲದಿದ್ದರೆ ಎಂದು ಅವನು ಆಮೇಲೆ ಎಷ್ಟು ಸಲ ಅಂದುಕೊಂಡನೋ.

ಕೊನೆಯ ಪರೀಕ್ಷೆ ಉಳಿದಿತ್ತು. ಭಾರ ಎತ್ತಿದರೆ ಯಂತ್ರ ಸೊನ್ನೆಗೆ ಮರಳುತ್ತದೆಯೇ? ಅಕ್ಕ ಬರೆದದ್ದು ನಾಳೆ ಯಾರಿಗಾದರೂ ನೋವು ತಂದು, ತೆಗೆಯಿರಿ ಎಂದರೆ, ಪೂರ್ತಿ ತೆಗೆಯಲು ಬರಬೇಕು. ತೆಗೆದಂತೆ ನಟಿಸಿ ಎಲ್ಲೋ ಉಳಿಸಿಕೊಳ್ಳುವ ವೇದಿಕೆ ಬೇಡ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತ. ಚಿನ್ನದ್ದು ಅಳಿಸಿದ ಮೇಲೂ ಚಿತ್ರಗಳನ್ನು ಉಳಿಸಿಕೊಂಡಿತ್ತು. ಲಾರಿಯದ್ದರಲ್ಲಿ ಅಳಿಸುವ ದಾರಿಯೇ ತಿಳಿಯಲಿಲ್ಲ. ತರಕಾರಿಯದ್ದು ಮಾತ್ರ ನೇರವಾಗಿ ಕೇಳಿತು: ಇಡೀ ತಾಣವನ್ನೂ ಅದರಲ್ಲಿರುವ ಎಲ್ಲ ಬರಹಗಳನ್ನೂ ಅಳಿಸಬೇಕೇ? ಪಕ್ಕದಲ್ಲಿ ಬರಹಗಳ ಸಂಖ್ಯೆಯೂ ಇತ್ತು. ಸಂಖ್ಯೆ ಕೊಂಚ ಹೆಚ್ಚೆನಿಸಿತು. ತಾನೇ ತುಂಡು ಮಾಡಿ ಏರಿಸಿದ್ದು ಎಷ್ಟೋ ಎಂದುಕೊಂಡ. ಕೆಲವು ದಿನ ಕಸದ ಬುಟ್ಟಿಯಲ್ಲಿಡಬೇಕೇ, ಶಾಶ್ವತವಾಗಿ ಅಳಿಸಬೇಕೇ ಎಂದು ಅದು ಮತ್ತೆ ಕೇಳಿತು. ಬುಟ್ಟಿಯಲ್ಲಿಟ್ಟರೆ ಅದೆಂಥ ಪರೀಕ್ಷೆ? 'ಶಾಶ್ವತವಾಗಿ' ಎಂಬುದನ್ನು ಒತ್ತಿದ. ಖಚಿತವೇ ಎಂದು ಅದು ಮೂರನೆಯ ಸಲ ಕೇಳಿದಾಗ ಅವನಿಗೆ ಆ ವೇದಿಕೆಯ ಮೇಲೆ ಗೌರವವೇ ಮೂಡಿತು. ಇಷ್ಟು ಜವಾಬ್ದಾರಿ ಮನುಷ್ಯರಿಗೂ ಇರುವುದಿಲ್ಲ.

ಒತ್ತಿದ. ಪುಟ ಬಿಳಿಯಾಯಿತು. ವಿಳಾಸವನ್ನು ಮತ್ತೆ ಹಾಕಿ ನೋಡಿದ, ಏನೂ ಇಲ್ಲ. ಪಕ್ಕದಂಗಡಿಯವನ ಮೊಬೈಲಿನಲ್ಲಿ ನೋಡಿದ, ಅಲ್ಲೂ ಇಲ್ಲ. ಒಂದು ಚೂರೂ ಉಳಿದಿರಲಿಲ್ಲ.

ಆಯ್ಕೆ ಮುಗಿಯಿತು. ತರಕಾರಿಯದ್ದೇ ಸರಿ. ಆ ಸಂಜೆ ಅವನು ಎಂದಿಗಿಂತ ಬೇಗ ಶಟರು ಎಳೆದು, ಬಹಳ ದಿನಗಳ ಮೇಲೆ ಶಿಳ್ಳೆ ಹಾಕುತ್ತ ಮನೆಗೆ ಬಂದ.

"ಅಕ್ಕ, ಮುಗೀತು! ನಾಳೆಯಿಂದ ನೀನು ಬರೀಬಹುದು. ಎಲ್ಲಾ ಪರೀಕ್ಷೆನೂ ಪಾಸಾಗಿರೋದು ಒಂದೇ."

ಅಕ್ಕ ತಲೆಯೆತ್ತಲಿಲ್ಲ. ಟ್ಯಾಬ್ಲೆಟ್ಟಿನ ಮೇಲೆ ಒಂದೇ ಜಾಗವನ್ನು ಒತ್ತುತ್ತಿದ್ದಳು, ಬಿಡುತ್ತಿದ್ದಳು, ಒತ್ತುತ್ತಿದ್ದಳು. ಅವನ ಹೆಂಡತಿ ಪಕ್ಕದಲ್ಲಿ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. "ರೀ, ಸ್ವಲ್ಪ ನೋಡ್ರೀ ಇಲ್ಲಿ. ಅತ್ತಿಗೆ ಬರೆದಿದ್ದೆಲ್ಲ ಮಧ್ಯಾಹ್ನದಿಂದ ಕಾಣ್ತಾ ಇಲ್ವಂತೆ."

ಅವನು ಬಗ್ಗಿ ನೋಡಿದ. ಪರದೆಯ ಮೇಲೆ ಒಂದೇ ಸಾಲು: ಈ ವಿಳಾಸದಲ್ಲಿ ಏನೂ ಇಲ್ಲ.

ಮೊದಲು ಅವನಿಗೆ ಅರ್ಥವೇ ಆಗಲಿಲ್ಲ. ಆಮೇಲೆ ವಿಳಾಸ ಓದಿದ. ಮಧ್ಯಾಹ್ನ ತಾನೇ ಅಳಿಸಿದ ತಾಣದ ವಿಳಾಸ ಅದು.

ಮೂಲೆಗಳ ಪರೀಕ್ಷೆ ಮಾಡುವಾಗ ಅಕ್ಕನ ಟ್ಯಾಬ್ಲೆಟ್ಟಿನಲ್ಲಿ ಆ ತಾಣವನ್ನು ತೆರೆದವನು ಅವನೇ. ಮುಚ್ಚುವಾಗ ತನ್ನ ಖಾತೆಯಿಂದ ಹೊರಬರಲು ಮರೆತಿದ್ದ. ಅಕ್ಕ ಒಂದು ಬೆಳಿಗ್ಗೆ ಅದನ್ನು ಕಂಡಳು. ಕೈಪಿಡಿಯ ಪುಟಗಳ ಕೆಳಗೆ 'ಹೊಸ ಬರಹ' ಎಂಬ ಗುಂಡಿ ಇತ್ತು. ಒತ್ತಿದಳು. ಜಾಗ ತೆರೆದುಕೊಂಡಿತು. ತಮ್ಮ ಕೊನೆಗೂ ಮಾಡಿಕೊಟ್ಟಿದ್ದಾನೆ, ಹೇಳಲು ಮರೆತಿದ್ದಾನೆ ಎಂದುಕೊಂಡಳೋ, ಇವನಿಗೆ ಕಾದರೆ ಆಗುವುದಲ್ಲ ಎಂದುಕೊಂಡಳೋ, ಅಂತೂ ಶುರುಮಾಡಿಬಿಟ್ಟಿದ್ದಳು. ದಿನವೂ ಅವನು ಅಂಗಡಿಗೆ ಹೋದ ಮೇಲೆ ಬರೆದಳು. ಅವನೋ ಮಾರುಕಟ್ಟೆಯಲ್ಲಿ ನಿಂತು ಕೈಪಿಡಿಯ ಪುಟದ ವಿಳಾಸವನ್ನೇ ನೇರವಾಗಿ ತೆರೆದು, ಅದನ್ನೇ ನೋಡಿ, ಅದನ್ನೇ ಮುಚ್ಚುತ್ತಿದ್ದ. ಅದೇ ತಾಣದ ಪಕ್ಕದ ಪುಟಗಳಲ್ಲಿ ಅಕ್ಕ ಬರೆಯುತ್ತಿದ್ದಾಳೆಂದು ಅವನಿಗೆ ಗೊತ್ತಾಗಲಿಲ್ಲ.

"ನಾನು ಅಳಿಸಿದೆ" ಎಂದ ಸೊನ್ನೆಯಣ್ಣ. ದನಿ ಅವನದೆಂದೇ ಅನಿಸಲಿಲ್ಲ. "ಅಕ್ಕ, ನಾನೇ. ಪರೀಕ್ಷೆಗೆ ಅಂತ."

ಅಕ್ಕ ಅವನ ಮುಖ ನೋಡಿದಳು. ಬಾಯಿ ತೆರೆದಳು. ಒಂದು ಕಾಲದಲ್ಲಿ ತಿರುವು ದಾಟಿ ಕೇಳಿಸುತ್ತಿದ್ದ ದನಿಯಿಂದ ಒಂದು ಮುದ್ದೆ ಸದ್ದು ಬಂತು. ಅದು ಬೈಗುಳವೆಂದು ಅವನಿಗೆ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಅವಳು ಟ್ಯಾಬ್ಲೆಟ್ಟಿಗೆ ಬಗ್ಗಿದಳು. ಹೊತ್ತು ಹಿಡಿಯಿತು. ಯಂತ್ರದ ದನಿ ಕೇಳಿತು: "ನೀನು ಓದಿದ್ಯಾ?"

ಅವನು ಸುಳ್ಳು ಹೇಳಲು ಬಾರದ ಮನುಷ್ಯ. "ಇಲ್ಲ ಅಕ್ಕ."

ಅವಳು ಕುತ್ತಿಗೆಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಅಷ್ಟು ಮಾಡುವುದಕ್ಕೂ ಅವಳಿಗೆ ಕಷ್ಟವಾಗುತ್ತಿತ್ತು, ಆದರೂ ಮಾಡಿದಳು.

ಹೆಂಡತಿ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದಳು. ಅತ್ತಿಗೆ ಬರೆದದ್ದನ್ನು ಯಂತ್ರದಿಂದ ಓದಿಸಿ ಅವಳಿಗೆ ಕೇಳಿಸುತ್ತಿದ್ದಳಂತೆ. "ಆಸ್ಪತ್ರೇಲಿ ಗಂಡ ಮಲಗಿದಾಗ ದಿನಾ ಹೋಗಿ ಬರೋಕೆ ಅಂತ ಗಾಡಿ ಕಲಿತ ಒಬ್ಬ ಅಜ್ಜಿ ಕಥೆ ಇತ್ತು. ಕಲಿಯೋದ್ರೊಳಗೆ ಅವರು ಹೋಗ್ಬಿಟ್ರಂತೆ. ಆದ್ರೂ ಅಜ್ಜಿ ಮಾರನೇ ವಾರ ಬಂದು ಪಾಠ ಮುಂದುವರಿಸಿ ಅಂದ್ರಂತೆ. ಆಮೇಲೆ ಏನೋ ಚೆನ್ನಾಗಿ ಬರೆದಿದ್ರು..." ಅವಳು ಹಣೆ ಒತ್ತಿಕೊಂಡಳು. "ಮಿಕ್ಸಿ ತಿರುಗಿಸ್ತಾ ಕೇಳಿದ್ದು ಕಣ್ರೀ. ನೆನಪಾಗ್ತಿಲ್ಲ. ನೀವೂ ದಿನಾ ನೋಡ್ತಿದ್ದೀರಿ ಅಂದ್ಕೊಂಡಿದ್ದೆ."

ಅವನು ಕಂಪನಿಗೆ ಬರೆದ. ತಪ್ಪು ನನ್ನದು, ಕಾಯಿಲೆಯವರ ಬರಹ, ಮತ್ತೆ ಬರೆಯುವ ಶಕ್ತಿ ಅವರಿಗಿಲ್ಲ, ದಯವಿಟ್ಟು ಎಂದೆಲ್ಲ ವಿವರವಾಗಿ ಬರೆದ. ಒತ್ತಿದ ತಕ್ಷಣವೇ ಉತ್ತರ ಬಂತು. ಅಷ್ಟು ಬೇಗ ಯಾವ ಮನುಷ್ಯನೂ ಓದಿರಲಾರ. ತೊಂದರೆಗೆ ವಿಷಾದಿಸುತ್ತೇವೆ, ಶಾಶ್ವತವಾಗಿ ಅಳಿಸಿದ್ದನ್ನು ಮರಳಿಸಲಾಗದು, ನಮ್ಮ ಸೇವೆಗೆ ನೀವು ಎಷ್ಟು ನಕ್ಷತ್ರ ಕೊಡುತ್ತೀರಿ? ಮತ್ತೆ ಬರೆದ. ಮತ್ತೆ ಅದೇ ವಿಷಾದ, ಅದೇ ನಕ್ಷತ್ರ.

ಪ್ರೆಸ್ಸಿನವನ ಬಳಿಗೆ ಓಡಿದ. ಅವನು ಮಷೀನು ನಿಲ್ಲಿಸಿ ಕುಳಿತು ಬಹಳ ಹೊತ್ತು ಹುಡುಕಿದ. ಹುಡುಕುಯಂತ್ರಗಳು ಕೆಲವು ಸಲ ಪುಟಗಳ ನಕಲು ಇಟ್ಟುಕೊಂಡಿರುತ್ತವೆ ಎಂದ. ಒಂದೂ ಸಿಗಲಿಲ್ಲ.

"ಅಣ್ಣಾ, ಹುಡುಕೋರಿಗೆ ಸಿಗಬಾರದು ಅಂತ ಏನಾದ್ರೂ ಒತ್ತಿದ್ರಾ?"

"ಒತ್ತಿದ್ದೆ. ಪರೀಕ್ಷೆ ತಾಣ ಅಲ್ವಾ?"

ಪ್ರೆಸ್ಸಿನವನು ಕುರ್ಚಿಗೆ ಒರಗಿ ಉಸಿರುಬಿಟ್ಟ. "ಮುಗೀತು ಹಾಗಾದ್ರೆ."

"ಆದ್ರೆ ಜನ ಓದ್ತಿದ್ರಂತಲ್ಲಪ್ಪಾ" ಎಂದ ಸೊನ್ನೆಯಣ್ಣ. ಇದನ್ನು ಹೆಂಡತಿ ಬೆಳಿಗ್ಗೆಯಷ್ಟೇ ಹೇಳಿದ್ದಳು. ಪುಟದ ಮೇಲಿನ ದಪ್ಪ ಅಂಕಿಯನ್ನು ಅಕ್ಕ ದಿನವೂ ನೋಡುತ್ತಿದ್ದಳಂತೆ. ಇವತ್ತು ಇಷ್ಟು ಜನ ಬಂದರು, ನಿನ್ನೆಗಿಂತ ಇಬ್ಬರು ಹೆಚ್ಚು ಎಂದು ಕಣ್ಣರಳಿಸಿ ತೋರಿಸುತ್ತಿದ್ದಳಂತೆ. "ಓದಿದವರಲ್ಲಿ ಯಾರಾದ್ರೂ ಇಳಿಸಿಟ್ಕೊಂಡಿದ್ರೆ? ಅವರನ್ನ ಹೇಗಾದ್ರೂ ಹುಡುಕೋಕಾಗುತ್ತಾ?"

"ವಿಳಾಸ ಯಾರಿಗಾದ್ರೂ ಕೊಟ್ಟಿದ್ರಾ?"

"ಇಲ್ಲ."

"ಮೇಡಂ?"

"ಅವಳಿಗೆ ವಿಳಾಸ ಕಳಿಸೋದು ಗೊತ್ತಿಲ್ಲ. ತಾನಾಗೇ ಸಿಗುತ್ತೆ ಅಂದ್ಕೊಂಡಿದ್ದಾಳೆ."

"ಅಣ್ಣಾ..." ಪ್ರೆಸ್ಸಿನವನು ಮೇಜಿನ ಮೇಲಿನ ಕಾಗದದ ಚೂರುಗಳನ್ನು ಸುಮ್ಮನೆ ಒಂದು ಕಡೆ ಗುಡ್ಡೆ ಮಾಡಿದ. "ಹುಡುಕಿದ್ರೆ ಸಿಗಲ್ಲ, ವಿಳಾಸ ಯಾರ ಹತ್ರನೂ ಇಲ್ಲ. ಮತ್ಯಾರು ಬರ್ತಾರೆ? ನೀವು ಅಂಗಡೀಲಿ, ಮಾರ್ಕೆಟ್ಟಲ್ಲಿ ತೆಗೆದು ನೋಡ್ತಿದ್ರಲ್ಲ? ಒಂದೊಂದು ಮೊಬೈಲಿಗೂ ಅದು ಒಬ್ಬೊಬ್ಬರು ಅಂತ ಎಣಿಸುತ್ತೆ."

ಸೊನ್ನೆಯಣ್ಣ ಎದ್ದು ನಿಂತ. ದಿನಸಿಯವನ ಮೊಬೈಲು, ಮೀನಿನಂಗಡಿಯವಳ ಮೊಬೈಲು, ಅಂಗಡಿಯ ಕಂಪ್ಯೂಟರು. ಅಷ್ಟೂ ಓದುಗರು ಅವನೊಬ್ಬನೇ. ಅದೂ ಓದದ ಓದುಗ.

ಆ ದಾರಿಯನ್ನು ಅವನು ಹೇಗೆ ನಡೆದನೋ. ಮನೆಗೆ ಬಂದಾಗ ಅಕ್ಕ ಕಾಯುತ್ತಿದ್ದಳು. ಎರಡು ದಿನ ಅವನತ್ತ ನೋಡಿರಲಿಲ್ಲ. ಈಗ ಗಲ್ಲವನ್ನು ಸ್ವಲ್ಪ ಎತ್ತಿ ಹತ್ತಿರ ಬಾ ಎಂದಳು. ಪರದೆಯ ಮೇಲೆ ಆಗಲೇ ಬರೆದು ಇಟ್ಟಿದ್ದಳು. ಬೆಳಿಗ್ಗೆಯಿಂದ ಬರೆದಿರಬೇಕು. ಗುಂಡಿ ಮುಟ್ಟಿದಳು.

"ಅತ್ತು ಮುಗೀತಾ? ಮುಖ ನೋಡು, ಲೈಸೆನ್ಸ್ ಪರೀಕ್ಷೇಲಿ ಫೇಲಾದವನ ಹಾಗೆ ಇದ್ದೀಯ. ಹೋಗಲಿ ಬಿಡು. ನೀನು ಅಳಿಸಿದ್ದು ಕಾಗದ. ಓದಬೇಕಾದವರು ಓದಿ ಆಗಿದೆ. ಯಾರೋ ದಿನಾ ಬರ್ತಿದ್ರು. ಹೇಳದೆ ಕೇಳದೆ ಓದ್ಕೊಂಡು ಹೋಗ್ತಿದ್ರು. ನನ್ನ ಹುಡುಗ್ರೇ. ನಂಗೆ ಅಷ್ಟು ಸಾಕು."

ಯಂತ್ರ ಓದಿ ಮುಗಿಸಿತು. ಅವಳು ಅವನನ್ನೇ ನೋಡುತ್ತಿದ್ದಳು. ತಮ್ಮನನ್ನು ಕ್ಷಮಿಸುವುದಕ್ಕೆ ಅವಳು ಹುಡುಕಿಕೊಂಡ ಕಾರಣ ಅದು. ಅದನ್ನು ಕಿತ್ತುಕೊಂಡರೆ ಅವಳ ಬಳಿ ಬೇರೆ ಕಾರಣವಿರಲಿಲ್ಲ, ಬೇರೆ ಸಮಾಧಾನವೂ ಇರಲಿಲ್ಲ.

"ಹೂಂ ಅಕ್ಕ" ಎಂದ ಸೊನ್ನೆಯಣ್ಣ. ಹುಟ್ಟಿದಾಗಿನಿಂದ ತಪ್ಪು ಅಳತೆಗೆ ಹೂಂ ಎಂದವನಲ್ಲ. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದ.

ಮರುದಿನ ಅಕ್ಕ ಮತ್ತೆ ಬರೆಯುತ್ತೇನೆ ಎಂದಳು. ಹಳೆಯದು ಬೇಡ, ಅದು ಆಯಿತು, ಇನ್ನೂ ಬರೆಯದೆ ಉಳಿದವರ ಬಗ್ಗೆ ಬರೆಯುತ್ತೇನೆ ಎಂದಳು. ಈ ಸಲ ಸೊನ್ನೆಯಣ್ಣ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಬೆಳಗಿನ ಕಾಫಿಯ ಲೋಟ ಖಾಲಿಯಾಗುವುದರೊಳಗೆ ಚಿನ್ನದ್ದರಲ್ಲಿ ಹೊಸ ತಾಣ ತೆರೆದು ಅವಳ ಮುಂದಿಟ್ಟ. ಹಾರುವ ಒತ್ತಕ್ಷರ ಹಾರಲಿ. ಉಳಿಸಿಕೊಳ್ಳುವ ಚಿತ್ರಗಳನ್ನು ಉಳಿಸಿಕೊಳ್ಳಲಿ. ಓದುಗರನ್ನು ಎಣಿಸದ ವೇದಿಕೆ ಅದೊಂದೇ. ಜೀವನವಿಡೀ ಅಂಕಿ ತೋರಿಸದ ಯಂತ್ರವನ್ನು ಗುಜರಿಗೆ ಹಾಕುತ್ತ ಬಂದವನು, ಅಂಕಿ ತೋರಿಸುವುದಿಲ್ಲ ಎಂಬ ಒಂದೇ ಗುಣಕ್ಕಾಗಿ ಅದನ್ನು ಆರಿಸಿದ್ದ.

ಅಕ್ಕ ಪುಟವನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ನೋಡಿದಳು. "ಎಷ್ಟು ಜನ ಬಂದ್ರು ಅಂತ ಎಲ್ಲಿ ಕಾಣುತ್ತೆ?"

"ಇದರಲ್ಲಿ ಕಾಣಲ್ಲ ಅಕ್ಕ. ಆದ್ರೆ ನೋಡು, ಅಕ್ಷರ ಎಷ್ಟು ಚೆಂದ ಇದೆ. ಜಾಹೀರಾತೂ ಇಲ್ಲ."

"ಹಿಂದೆ ಯಾರಿದ್ದಾರೆ ಅಂತ ಕಾಣದ ಗಾಡಿ ನಂಗೆ ಬೇಡ. ಹಳೇದೇ ಹಾಕು."

"ಅಕ್ಕ, ಅದು ಒರಟು..."

"ಲೋ. ಹಳೇದು."

ಬೆರಳು ಸೋತು ದಿಂಬಿನ ಮೇಲೆ ಬಿತ್ತು. ವಾದ ಮಾಡಿದರೆ ಅವಳು ಅಷ್ಟೂ ಅಕ್ಷರಗಳನ್ನು ತನ್ನ ಮೇಲೆ ಖರ್ಚು ಮಾಡುತ್ತಾಳೆ ಎಂಬುದು ಅವನಿಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡು ತರಕಾರಿಯದ್ದನ್ನೇ ತೆರೆದುಕೊಟ್ಟ. ಹುಡುಕುವವರಿಗೆ ಸಿಗುವಂತೆ ಮಾಡುವ ಗುಂಡಿಯನ್ನು ಒತ್ತಿದ. ಸಿಗಲು ವಾರಗಳೇ ಬೇಕಾಗಬಹುದು ಎಂದು ಪ್ರೆಸ್ಸಿನವನು ಹೇಳಿದ್ದ. ಅದನ್ನು ಅವನು ಅಕ್ಕನಿಗೆ ಹೇಳಲಿಲ್ಲ.

ಆ ಬೆಳಿಗ್ಗೆ ಅವನು ಅಂಗಡಿ ತೆರೆಯಲಿಲ್ಲ. ಅವಳ ಪಕ್ಕದಲ್ಲೇ ಕುಳಿತ. ಹಿಂದೆ ಒಂದು ಕಥೆ ಬರೆಯುತ್ತಿದ್ದಷ್ಟು ಹೊತ್ತಿಗೆ ಈಗ ಒಂದು ಸಾಲು ಆಯಿತು. 'ನನ್ನ ಮೊದಲನೇ ಶಿಷ್ಯೆ ಕಾರಿನ ಬಾಗಿಲು ತೆಗೆಯೋಕೇ ಹೆದರಿದ್ದಳು.' ಅಲ್ಲಿಗೆ ಬೆರಳು ನಿಂತಿತು. ಉಳಿದದ್ದು ನಾಳೆ ಎಂದು ಕಣ್ಣಿನಲ್ಲೇ ಹೇಳಿ, ಪ್ರಕಟಿಸು ಎಂದು ಗಲ್ಲ ಅಲುಗಿಸಿದಳು. ಅವನು ಸಾಲನ್ನು ಓದಿದ, ಮತ್ತೊಮ್ಮೆ ಓದಿದ, ಪ್ರಕಟಿಸಿದ. ಅಕ್ಕ ಪುಟದ ಮೇಲ್ತುದಿಯ ಅಂಕಿಯ ಮೇಲೆ ಕಣ್ಣು ನೆಟ್ಟು ಕುಳಿತಳು.

ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಅಕ್ಕನ ಫೋನಿನಲ್ಲಿದ್ದ ಹಳೆಯ ಶಿಷ್ಯರಿಗೆಲ್ಲ ವಿಳಾಸ ಕಳಿಸಿದ. ಮೇಡಂ ಬರೆಯುತ್ತಿದ್ದಾರೆ, ದಯವಿಟ್ಟು ಓದಿ. ಒಬ್ಬರಿಂದ ಕೈಮುಗಿದ ಚಿತ್ರ ಬಂತು. ಇನ್ನೊಬ್ಬರು 'ಯಾರು ನೀವು?' ಎಂದು ಕೇಳಿದರು. ಪ್ರೆಸ್ಸಿನವನು, 'ಖಂಡಿತ ಅಣ್ಣಾ, ಈ ಆರ್ಡರು ಮುಗಿಸಿ ನೋಡ್ತೀನಿ' ಎಂದ. ಬಹಳ ನಂಬರುಗಳು ಚಾಲ್ತಿಯಲ್ಲೇ ಇರಲಿಲ್ಲ.

ಸೊನ್ನೆಯಣ್ಣ ಎದ್ದು ಮಾರುಕಟ್ಟೆಗೆ ನಡೆದ. ದಿನಸಿಯವನ ಅಂಗಡಿಯ ಮುಂದೆ ಗಿರಾಕಿಗಳ ಸಾಲಿತ್ತು. ಎಂದಿನ ಅಭ್ಯಾಸದಂತೆ ದಿನಸಿಯವನೇ ಮೊಬೈಲನ್ನು ಮುಂದೆ ಚಾಚಿದ. "ತಗೊಳ್ಳಿ ಅಣ್ಣಾ, ಬೇಗ ನೋಡ್ಕೊಂಡು ಕೊಡಿ."

ಅವನು ತೆಗೆದುಕೊಳ್ಳಲಿಲ್ಲ. "ನಾನಲ್ಲ. ನೀವು ಓದ್ಬೇಕು. ಒಂದೇ ಸಾಲು ಇದೆ."

"ನಾನಾ?" ದಿನಸಿಯವನು ನಕ್ಕು ತಕ್ಕಡಿಯ ಮೇಲೆ ಸಕ್ಕರೆ ಸುರಿಯುತ್ತ ಹೇಳಿದ. "ಇಷ್ಟು ಜನ ನಿಂತಿದ್ದಾರಲ್ಲಣ್ಣಾ. ಇವರನ್ನೆಲ್ಲ ಕಳಿಸಿ ಓದ್ತೀನಿ."

"ಆಗಲಿ, ಇರ್ತೀನಿ" ಎಂದ ಸೊನ್ನೆಯಣ್ಣ. ಮೂಟೆಗಳ ಪಕ್ಕಕ್ಕೆ ಸರಿದು ನಿಂತ. ಸಾಲಿನ ಕೊನೆಗೆ ಮತ್ತೆ ಇಬ್ಬರು ಬಂದು ಸೇರಿಕೊಂಡರು.